ಒಂದು ಮನೆಗೆ ಒಂದೇ ಅರ್ಜಿ

ಬಿರುಗಾಳಿ ಪರಿಹಾರದ ಅರ್ಜಿ ತೆಗೆದುಕೊಳ್ಳಲು ಶಾಲೆಯ ಸಭಾಂಗಣದಲ್ಲಿ ಎರಡು ಮೇಜು ಹಾಕಿದ್ದರು. ಒಂದರ ಮುಂದೆ ‘ತೋಟ, ಹೊಲ’ ಎಂದು ಬರೆದ ರಟ್ಟು, ಇನ್ನೊಂದರ ಮುಂದೆ ‘ಸಾಮಿಲ್ಲು, ಮರದ ವ್ಯಾಪಾರ’ ಎಂದು ಬರೆದ ರಟ್ಟು. ತೋಟದಮ್ಮ ಮೊದಲನೆಯ ಸಾಲಿನಲ್ಲಿ ನಿಂತಿದ್ದರು, ಅವರ ಮಗ ಎರಡನೆಯದರಲ್ಲಿ. ಬಿರುಗಾಳಿ ಬಂದು ಹೋಗಿ ಇಪ್ಪತ್ತು ದಿನವಾಗಿತ್ತು. ಒಂದು ಮಧ್ಯಾಹ್ನ ಎರಡೇ ಗಂಟೆ ಬೀಸಿದ ಗಾಳಿ ಅವರ ಕಿತ್ತಳೆ ತೋಟದ ಇನ್ನೂರ ಹನ್ನೆರಡು ಮರಗಳಲ್ಲಿ ತೊಂಬತ್ತನ್ನು ಬುಡಸಮೇತ ಕಿತ್ತು, ಎಪ್ಪತ್ತನ್ನು ಅರ್ಧಕ್ಕೆ ವಾಲಿಸಿ ಹೋಗಿತ್ತು. ಮಗನ ಸಾಮಿಲ್ಲಿನ ತಗಡಿನ ಮಾಡು ಹಾರಿ ರಸ್ತೆಯಾಚೆಯ ಹಳ್ಳದಲ್ಲಿ ಬಿದ್ದಿತ್ತು. ಮೋಟಾರಿಗೆ ನೀರು ನುಗ್ಗಿತ್ತು. ಕೊಯ್ಯಲೆಂದು ಅವನು ಮುಂಗಡ ಕೊಟ್ಟಿದ್ದ ಇಳಿಜಾರಿನ ಮರಗಳೆಲ್ಲ ನಡುವಿನಲ್ಲೇ ಮುರಿದು, ಒಳಗೇ ಸೀಳಿ, ಹಲಗೆಗೆ ಬಾರದಂತಾಗಿದ್ದವು.

ತೋಟದಮ್ಮನ ಸರದಿ ಬಂದಾಗ ಗುಮಾಸ್ತ ಕಂಪ್ಯೂಟರಿನಲ್ಲಿ ಮನೆ ನಂಬರು ಒತ್ತಿ, ಕನ್ನಡಕ ಮೇಲೆತ್ತಿ ನೋಡಿದ.

“ಅಮ್ಮಾ, ಈ ನಂಬರಿಗೆ ಆಗಲೇ ಒಂದು ಅರ್ಜಿ ಬಿದ್ದಿದೆಯಲ್ಲ.”

“ಯಾರು ಹಾಕಿದ್ದು?”

“ಪಕ್ಕದ ಮೇಜಲ್ಲಿ. ಈಗ ತಾನೇ.”

ತೋಟದಮ್ಮ ತಿರುಗಿ ನೋಡಿದರು. ಮಗ ಬಗ್ಗಿ ಸಹಿ ಹಾಕುತ್ತಿದ್ದ.

“ಒಂದು ಮನೆಗೆ ಒಂದೇ ಅರ್ಜಿ ಅಮ್ಮ. ತೋಟ ಆದ್ರೆ ತೋಟ, ಮಿಲ್ಲಾದ್ರೆ ಮಿಲ್ಲು.”

“ಗಾಳಿ ಎರಡಕ್ಕೂ ಬೀಸ್ತಲ್ಲಪ್ಪ.”

“ಗಾಳಿಗೆ ನಿಯಮ ಗೊತ್ತಿಲ್ಲ, ನಾನೇನು ಮಾಡ್ಲಿ?” ಎಂದ ಗುಮಾಸ್ತ. ಆಮೇಲೆ ಹಿಂದಿದ್ದವರಿಗೆ ಕೇಳದಂತೆ ದನಿ ತಗ್ಗಿಸಿದ. “ಬೇರೆ ಅಡಿಗೆ, ಬೇರೆ ಬಾಗಿಲು ಇದ್ರೆ ಎರಡು ಸಂಸಾರ ಅಂತ ಲೆಕ್ಕ. ಅದೂ ಗಾಳಿಗೆ ಮುಂಚಿನಿಂದ ಬೇರೆ ಇರಬೇಕು. ಮನೆಗೆ ಬಂದು ನೋಡ್ತಾರೆ. ಹಾಗೇನಾದ್ರೂ ಇದ್ರೆ ಎರಡನ್ನೂ ಇಟ್ಕೋತೀನಿ, ನಾಳೆ ಇನ್ನೊಂದು ಹಾಳೆ ತುಂಬಿ ಕೊಡಿ.”

ತಾಯಿ ಮಗ ಇಬ್ಬರೂ ಮನೆಗೆ ನಡೆದರು.

ಊಟಕ್ಕೆ ಕೂತಾಗ ಮಾತು ಶುರುವಾಯಿತು. ಬೇಳೆ, ಆಲೂಗಡ್ಡೆ ಒಟ್ಟಿಗೆ ಬೇಯಿಸಿದ ಪಾತ್ರೆ ನಡುವೆ ಇತ್ತು. ಬಡಿಸುವ ಸೌಟು ಎಂದಿನಂತೆ ತೋಟದಮ್ಮನ ಕೈಯಲ್ಲಿತ್ತು. ಸೊಸೆ ತಟ್ಟೆ ಇಡುತ್ತಿದ್ದಳು.

“ಮಿಲ್ಲು ಓಡಿದ್ರೆ ತಾನೇ ಎಲ್ಲರ ಹೊಟ್ಟೆ ತುಂಬೋದು?” ಎಂದ ಮಗ.

“ನಿನ್ನ ಮಿಲ್ಲು ಶುರುವಾದಾಗ ಮೂರು ವರ್ಷ ಹೊಟ್ಟೆ ತುಂಬಿಸಿದ್ದು ನನ್ನ ಕಿತ್ತಳೆ.”

“ಅದು ಅಪ್ಪನ ಕಾಲದ ಮಾತಮ್ಮ.”

“ಆಗ ನಿನಗೂ ಹೊಟ್ಟೆ ಇತ್ತು.”

ತೋಟದಮ್ಮನ ಗಂಡ, ಮನೆಯ ಯಜಮಾನರು, ಉಣ್ಣುತ್ತಿದ್ದರು. ಮಿಲ್ಲು ಕಟ್ಟಿದವರು ಅವರು. ನಲವತ್ತು ವರ್ಷ ಗರಗಸದ ಪಕ್ಕ ನಿಂತು ಕಿವಿ ಮಂದವಾಗಿತ್ತು. ಬೇಕಾದ ಮಾತು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ ಎಂದು ಮನೆಯಲ್ಲಿ ತಮಾಷೆ ಇತ್ತು. ಅವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು: “ಬೇರೆ ಆಗಿಬಿಡಿ.”

ಸೌಟು ಅಲ್ಲೇ ನಿಂತಿತು.

“ಏನಂದ್ರಿ?”

“ಗುಮಾಸ್ತ ಹೇಳಿದ ಹಾಗೆ. ಒಂದು ತಿಂಗಳ ನಾಟಕ. ಅವರು ಬಂದು ನೋಡ್ಕೊಂಡು ಹೋದ ಮೇಲೆ ಮತ್ತೆ ಒಂದಾದ್ರಾಯ್ತು.”

ಮಗನ ಮುಖ ಅರಳಿತು. ತೋಟದಮ್ಮ ಬೇಡವೆನ್ನಲು ಬಾಯಿ ತೆರೆದವರು ವಾಲಿದ ಎಪ್ಪತ್ತು ಮರ ನೆನಪಾಗಿ ಸುಮ್ಮನಾದರು. ಆಗ, ಯಾರೂ ಕೇಳದಿದ್ದರೂ, ಸೊಸೆ ಹೇಳಿದಳು: “ಹಿಂದಿನ ಉಗ್ರಾಣಕ್ಕೆ ಹೊರಗಿನಿಂದ ಬಾಗಿಲಿದೆ. ಕಿಟಕಿನೂ ಇದೆ. ಹಳೇ ಗ್ಯಾಸ್ ಒಲೆ ಅಟ್ಟದ ಮೇಲಿದೆ. ಅಲ್ಲಿ ಅಡಿಗೆಮನೆ ಆಗತ್ತೆ.”

ಎಷ್ಟು ದಿನದಿಂದ ಅಳತೆ ಹಾಕಿಟ್ಟಿದ್ದಾಳೆ ಇವಳು ಎಂದು ತೋಟದಮ್ಮನಿಗೆ ಅನಿಸಿತು. ಸೊಸೆ ಅಳತೆಯಲ್ಲಿ ಪಳಗಿದವಳೇ. ಮಿಲ್ಲಿನ ಕಚೇರಿ ನೋಡಿಕೊಳ್ಳುತ್ತಿದ್ದವಳು ಅವಳು. ದಿಮ್ಮಿಯನ್ನು ಕಣ್ಣಲ್ಲೇ ನೋಡಿ ಎಷ್ಟು ಹಲಗೆ ಬರುತ್ತದೆಂದು ಹೇಳಬಲ್ಲಳು.

ಮರುದಿನ ಮಗ ಹಾಳೆ ತುಂಬಿಸಿ ಕೊಟ್ಟು ಬಂದ. ಅದರಲ್ಲಿ ಏನು ಬರೆದ ಎಂದು ಯಾರೂ ಕೇಳಲಿಲ್ಲ. ಉಗ್ರಾಣದಿಂದ ಹಳೇ ಗರಗಸದ ಪಟ್ಟಿ, ಕಿತ್ತಳೆ ಪೆಟ್ಟಿಗೆಗಳನ್ನು ಹೊರಹಾಕಿ, ಅದಕ್ಕೂ ಅಡಿಗೆಮನೆಗೂ ನಡುವಿನ ಬಾಗಿಲಿಗೆ ಅಡ್ಡಹಲಗೆ ಬಡಿದ. ತೋಟದಮ್ಮ ಪಾತ್ರೆ ಪಾಲು ಮಾಡಿದರು. ಮೊದಲು ಸೊಟ್ಟಗಾದ ಎರಡು ಪಾತ್ರೆ, ಹಿಡಿ ಸಡಿಲವಾದ ಬಾಣಲೆ ತೆಗೆದಿಟ್ಟರು. “ನಾಟಕಕ್ಕೆ ಯಾವ ಪಾತ್ರೆಯಾದ್ರೇನು” ಎಂದು ತಮಗೇ ಹೇಳಿಕೊಂಡರು. ಐದು ನಿಮಿಷದ ಮೇಲೆ ಮತ್ತೆ ಬಂದು, ಬಾಣಲೆ ವಾಪಸು ತೆಗೆದುಕೊಂಡು, ತಮ್ಮ ದಪ್ಪ ತಳದ ಪಾತ್ರೆಯನ್ನು ಇಟ್ಟು ಹೋದರು.

ಮೊದಲ ಎರಡು ದಿನ ನಾಟಕ ನಾಟಕವಾಗಿಯೇ ಇತ್ತು. ಸೊಸೆ ಹಿಂದೆ ನೀರು ಕಾಯಿಸುತ್ತಿದ್ದಳು, ಎಲ್ಲರೂ ಮುಂದೆ ಉಣ್ಣುತ್ತಿದ್ದರು. ಮೂರನೆಯ ದಿನ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು. ಊರಿನ ಸುದ್ದಿಯೆಲ್ಲ ಮೊದಲು ಅವಳಿಗೆ ತಿಳಿಯುತ್ತಿದ್ದುದರಿಂದ ಅವಳ ಹೆಸರು ‘ರೇಡಿಯೊ’ ಎಂದೇ ಆಗಿತ್ತು.

“ಕೆಳಗಿನ ಬೀದಿಗೆ ಸರ್ಕಾರದವರು ಹೇಳ್ದೆ ಕೇಳ್ದೆ ಬಂದಿದ್ರಂತೆ! ಒಲೆ ಬಿಸಿ ಇದೆಯಾ ಅಂತ ಮುಟ್ಟಿ ನೋಡಿದ್ರಂತೆ! ಅಕ್ಕಿ ಡಬ್ಬ ತೆಗೆಸಿದ್ರಂತೆ!”

ಅಂದಿನಿಂದ ನಿಜವಾಗಿಯೇ ಎರಡು ಒಲೆ ಉರಿದವು.

ಸೊಸೆ ಸಂಜೆ ಮಿಲ್ಲಿನ ಕೆಸರು ತೆಗೆದು ಬಂದು, ಕೈಕಾಲು ತೊಳೆದು, ತಡವಾಗಿ ಅಡಿಗೆಗೆ ಇಳಿಯುತ್ತಿದ್ದಳು. ಮೊದಲ ದಿನ ಕುಂಬಳಕಾಯಿ ಹುರಿದು, ಮೊಟ್ಟೆಯ ಜೊತೆ ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿದಳು. ಮಗ ಎರಡು ತುತ್ತು ತಿಂದು ನಿಲ್ಲಿಸಿದ.

“ಇದೆಲ್ಲ ಯಾವಾಗ ಕಲ್ತೆ?”

“ಕಲಿತದ್ದಲ್ಲರೀ. ಮರ್ತಿರಲಿಲ್ಲ, ಅಷ್ಟೇ.”

ಯಜಮಾನರು ಕಾಗದದಲ್ಲಿ ತೋಟದಮ್ಮನ ಸಂಸಾರಕ್ಕೆ ಸೇರಿದವರು. ಆದರೆ ಮುಂದೆ ಊಟ ಮುಗಿಸಿ, ಮನೆಯನ್ನು ಒಂದು ಸುತ್ತು ಹಾಕಿ ಹಿಂದಿನ ಬಾಗಿಲಿಗೆ ಬರುತ್ತಿದ್ದರು. “ಊಟ ಆದ ಮೇಲೆ ನಡೀಬೇಕು ಅಂತ ಡಾಕ್ಟರು ಹೇಳಿದಾರೆ” ಎನ್ನುತ್ತಿದ್ದರು.

“ನಡೆದಾಯ್ತಲ್ಲ ಮಾವ?”

“ನಡೆದು ಹಸಿವಾಯ್ತು.”

ಅಡ್ಡಹಲಗೆ ಬಡಿದ ಬಾಗಿಲಿನ ಈಚೆ ತೋಟದಮ್ಮ ಒಬ್ಬರೇ ಪಾತ್ರೆ ತೊಳೆಯುತ್ತಿದ್ದರು. ಒಂದು ಸಂಜೆ ಆಚೆಯಿಂದ ಸೊಸೆ ಸಣ್ಣಗೆ ಹಾಡಿಕೊಳ್ಳುವುದು ಕೇಳಿತು. ಪದಗಳಿರಲಿಲ್ಲ, ಬರೀ ರಾಗ. ಇವಳಿಗೆ ಹಾಡಲು ಬರುತ್ತದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಒಂದೇ ಅಡಿಗೆಮನೆಯಲ್ಲಿ ಓಡಾಡಿದ್ದರು ಇಬ್ಬರೂ. ತೋಟದಮ್ಮ ನಲ್ಲಿ ನಿಲ್ಲಿಸಿ ಹಾಡು ಮುಗಿಯುವವರೆಗೆ ನಿಂತೇ ಇದ್ದರು. ಆಮೇಲೆ ಅವರಿಗೆ ಸಿಟ್ಟು ಬಂತು.

ಆ ಸಿಟ್ಟು ಹೊರಬಿದ್ದದ್ದು ಭಾನುವಾರ ಬೆಳಿಗ್ಗೆ, ತೋಟದಲ್ಲಿ. ಮಗ ಬಿದ್ದ ಮರಗಳನ್ನು ಕತ್ತರಿಸಿ ರಾಶಿ ಹಾಕುತ್ತಿದ್ದ. ಸೊಸೆ ಅವನಿಗೆ ಚಹಾ ತಂದಿದ್ದಳು. ಒಂದೇ ಲೋಟ.

“ಒಂದು ಲೋಟ ಸಾಕಾಯ್ತೇನೋ?” ಎಂದರು ತೋಟದಮ್ಮ. “ಸರಿ, ನಾವು ಬೇರೆ ಸಂಸಾರ ಅಲ್ವಾ.”

“ಅತ್ತೆ, ನೀವು ಕುಡಿದಿರ್ತೀರಿ ಅಂದ್ಕೊಂಡೆ.”

“ನೋಡಪ್ಪ,” ಎಂದು ಅವರು ಮಗನ ಕಡೆ ತಿರುಗಿದರು, “ಸರ್ಕಾರದ ಹೆಸರು ಹೇಳ್ಕೊಂಡು ನಿನ್ನ ಹೆಂಡತಿ ತನಗೆ ಬೇಕಾದ್ದು ಮಾಡ್ಕೊಂಡ್ಳು.”

“ಅಮ್ಮ, ಸುಮ್ನಿರು.”

“ನೀವು ಸುಮ್ನಿರಿ,” ಎಂದಳು ಸೊಸೆ ಗಂಡನಿಗೆ. ಲೋಟ ಅವನ ಕೈಗೆ ಕೊಟ್ಟು ಅತ್ತೆಯನ್ನೇ ನೋಡಿದಳು. “ಹೌದು ಅತ್ತೆ. ಬೇಕಾಗಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನ ಇವತ್ತು ಏನು ಮಾಡೋಣ ಅಂತ ನನ್ನ ಯಾರೂ ಕೇಳ್ಲಿಲ್ಲ. ನೀವು ಬೈದ್ರಿ, ಕಷ್ಟ ಕೊಟ್ರಿ ಅಂತಲ್ಲ. ಕೇಳ್ಲಿಲ್ಲ, ಅಷ್ಟೇ.”

“ಕೇಳ್ಬೇಕು ಅಂತ ನೀನಾದ್ರೂ ಹೇಳ್ಬೇಕಿತ್ತು.”

“ಕೇಳಿ ಅಂತ ಹೇಗೆ ಹೇಳೋದು?”

ತೋಟದಮ್ಮ ಬಾಗಿ ಒಂದು ಕೊಂಬೆ ಎಳೆಯತೊಡಗಿದರು. ಅದು ಅವರಿಂದಾಗುವ ಕೆಲಸವಲ್ಲದಿದ್ದರೂ ಬಿಡದೆ ಎಳೆದರು.

ಎರಡು ದಿನ ಮಾತಿರಲಿಲ್ಲ. ಯಜಮಾನರು ಮಾತ್ರ ಎರಡೂ ಕಡೆ ಉಂಡು, ಅಲ್ಲಿಯದನ್ನು ಇಲ್ಲಿ ಇಲ್ಲಿಯದನ್ನು ಅಲ್ಲಿ ಹೇಳದೆ ಕಾಲ ಕಳೆದರು.

ವಾಲಿದ ಎಪ್ಪತ್ತು ಮರಗಳು ತೋಟದಮ್ಮನ ಚಿಂತೆಯಾಗಿದ್ದವು. ಒಂದು ಮಗ್ಗುಲಿನ ಬೇರು ಇನ್ನೂ ಮಣ್ಣಿನಲ್ಲಿತ್ತು. ಮೇಲಿನ ಕೊಂಬೆ ಕತ್ತರಿಸಿ ಭಾರ ಇಳಿಸಿ, ಹಗ್ಗ ಹಾಕಿ ಎಳೆದು ನಿಲ್ಲಿಸಿ, ಬೇರಿಗೆ ಮಣ್ಣು ಕೊಟ್ಟರೆ ಬದುಕಬಹುದು. ಆದರೆ ನಿಲ್ಲಿಸಿದ್ದು ಮತ್ತೆ ಬೀಳದಂತೆ ಮೂರು ಕಡೆಯಿಂದ ಆಸರೆ ಕಂಬ ಕೊಡಬೇಕು. ಇನ್ನೂರಕ್ಕೂ ಹೆಚ್ಚು ಕಂಬ. ಕೊಳ್ಳುವುದಾದರೆ ಅದಕ್ಕೇ ಸರ್ಕಾರಕ್ಕೆ ಇನ್ನೊಂದು ಅರ್ಜಿ ಹಾಕಬೇಕು.

ಬುಧವಾರ ಬೆಳಿಗ್ಗೆ ತೋಟದ ಗೇಟಿನ ಹತ್ತಿರ ಮಿಲ್ಲಿನ ಟ್ರ್ಯಾಕ್ಟರು ಬಂದು ನಿಂತಿತು. ಓಡಿಸಿಕೊಂಡು ಬಂದವಳು ಸೊಸೆ. ಹಿಂದೆ ಕಂಬಗಳ ಹೊರೆ.

“ಇದೇನು?”

“ಇಳಿಜಾರಿನ ಮರ ಅತ್ತೆ. ಒಳಗೆ ಸೀಳಿದೆ, ಹಲಗೆಗೆ ಬರಲ್ಲ. ಸೌದೆಗೆ ಹಾಕೋಣ ಅಂತಿದ್ರು ಇವರು. ಸೀಳು ನೋಡಿದೆ, ಉದ್ದಕ್ಕಿದೆ. ಅಡ್ಡ ಭಾರ ತಡೀದೇ ಇರಬಹುದು, ನೆಟ್ಟಗೆ ನಿಲ್ಸಿದ್ರೆ ತಡೆಯತ್ತೆ. ತುದೀಲಿ ಕವಲು ಇರೋದನ್ನೇ ಆರಿಸಿದೀನಿ.”

ತೋಟದಮ್ಮ ಒಂದು ಕಂಬ ಇಳಿಸಿ, ನೆಲಕ್ಕೆ ಊರಿ, ಮೈಭಾರ ಹಾಕಿ ನೋಡಿದರು. ಕಂಬ ಅಲುಗಲಿಲ್ಲ.

“ಎಷ್ಟು ತಂದೆ?”

“ಅರವತ್ತು. ನಾಳೆ ಇನ್ನರವತ್ತು.”

“ಹಗ್ಗ?”

“ಇದೆ. ತೊಗಟೆ ಕುಯ್ಯದ ಹಾಗೆ ಸುತ್ತೋಕೆ ಹಳೇ ಗೋಣಿನೂ ತಂದಿದೀನಿ.”

“ಸರಿ. ಆ ತುದಿಯಿಂದ ಶುರು ಮಾಡೋಣ,” ಎಂದರು ತೋಟದಮ್ಮ. ಚಹಾದ ಮಾತು ಇಬ್ಬರೂ ಎತ್ತಲಿಲ್ಲ.

ಹನ್ನೆರಡು ದಿನ ಇಬ್ಬರೂ ಆ ಕೆಲಸ ಮಾಡಿದರು. ಸೊಸೆ ಟ್ರ್ಯಾಕ್ಟರಿನಿಂದ ಹಗ್ಗವನ್ನು ಬೆರಳಗಲ ಬೆರಳಗಲ ಎಳೆಯುವಳು. ತೋಟದಮ್ಮ ಬುಡದ ಹತ್ತಿರ ಕೂತು ಬೇರಿನ ಸದ್ದಿಗೆ ಕಿವಿಗೊಟ್ಟು, ಸದ್ದು ಬಂದ ಕೂಡಲೇ “ನಿಲ್ಲು!” ಎಂದು ಕೂಗುವರು. ಮಣ್ಣು ತುಂಬಿ, ತುಳಿದು, ಕಂಬ ಕೊಟ್ಟು, ಮುಂದಿನ ಮರಕ್ಕೆ. ಮಗ ಬಿಡುವಾದಾಗ ಬಂದು ಗುಂಡಿ ತೋಡಿಕೊಟ್ಟ. ಯಜಮಾನರು ನೆರಳಿನಲ್ಲಿ ಕೂತು ಕಂಬದ ತುದಿ ಚೂಪು ಮಾಡಿದರು, ಸಲಹೆಯನ್ನೂ ಕೊಟ್ಟರು. ಸಲಹೆ ಯಾರಿಗೂ ಬೇಕಿರಲಿಲ್ಲ. ಚೂಪು ಮಾತ್ರ ಚೆನ್ನಾಗಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎರಡು ಡಬ್ಬ ಇರುತ್ತಿದ್ದವು. ಮೊದಲ ದಿನ ಅವರವರದನ್ನು ಅವರವರು ತಿಂದರು. ಮೂರನೆಯ ದಿನ ತೋಟದಮ್ಮ ಕೈ ಚಾಚಿದರು.

“ಆ ವಾಸನೆ ಏನದು? ಕೊಡು ಇಲ್ಲಿ.”

ಸೊಸೆ ಡಬ್ಬ ಸರಿಸಿದಳು. ತೋಟದಮ್ಮ ಒಂದು ತುತ್ತು ತಿಂದು, ನಿಧಾನವಾಗಿ ಅಗಿದರು.

“ಉಪ್ಪು ಕಮ್ಮಿ.”

“ನನಗೆ ಅಷ್ಟೇ ಸಾಕು ಅತ್ತೆ.”

“ಹ್ಞೂಂ,” ಎಂದರು. ಆದರೆ ಡಬ್ಬ ವಾಪಸು ಕೊಡಲಿಲ್ಲ. ತಮ್ಮದನ್ನು ಅವಳ ಕಡೆ ತಳ್ಳಿದರು.

ಎಪ್ಪತ್ತರಲ್ಲಿ ಅರವತ್ತಮೂರು ಮರ ನಿಂತವು.

ಅಧಿಕಾರಿ ಬಂದದ್ದು ಅದಾದ ನಾಲ್ಕು ದಿನಕ್ಕೆ, ಹೇಳದೆಯೇ. ನಡುವಯಸ್ಸಿನ ಹೆಂಗಸು. ಷೂ ಮುಚ್ಚಿ ಮೊಣಕಾಲಿನವರೆಗೆ ಕೆಸರು ಮೆತ್ತಿತ್ತು. ಬೆಳಿಗ್ಗೆಯಿಂದ ಒಂಬತ್ತು ಮನೆ ನೋಡಿದ್ದೇನೆ ಎಂದಳು. ಮೊದಲು ಮಿಲ್ಲು ನೋಡಿದಳು, ಹಳ್ಳಕ್ಕೆ ಇಳಿದು ತಗಡು ಎಣಿಸಿದಳು. ಆಮೇಲೆ ತೋಟ. ಕಂಬಗಳ ನಡುವೆ ನಿಂತು ಒಂದನ್ನು ಅಲ್ಲಾಡಿಸಿ ನೋಡಿದಳು.

“ಇವೆಲ್ಲ ವಾಲಿದ್ದವಾ?”

“ಮಲಗಿದ್ದವು,” ಎಂದರು ತೋಟದಮ್ಮ.

“ಎತ್ತಿ ನಿಲ್ಸಿದ್ದನ್ನ ನಷ್ಟಕ್ಕೆ ಬರೆಯೋಕಾಗಲ್ಲಮ್ಮ. ಹಾಗೇ ಬಿಟ್ಟಿದ್ರೆ ಬರ್ಕೊಳ್ತಿದ್ದೆ.”

“ಹಾಗೇ ಬಿಟ್ಟಿದ್ರೆ ಸಾಯ್ತಿದ್ದವು.”

“ಅದೂ ನಿಜ.”

ಮನೆಯಲ್ಲಿ ಮುಂದಿನ ಅಡಿಗೆಮನೆ ನೋಡಿದಳು, ಹಿಂದಿನದನ್ನೂ ನೋಡಿದಳು. ಒಲೆ ಬಿಸಿ ಇತ್ತು. ಡಬ್ಬಗಳಲ್ಲಿ ಸಾಮಾನಿತ್ತು, ಗೋಡೆಗೆ ಎಣ್ಣೆಯ ಕಲೆ ಕೂಡ ಹತ್ತಿತ್ತು. ಮಗ ಒಳಗೊಳಗೇ ಹಿಗ್ಗಿದ. ಅಧಿಕಾರಿ ಬೆಂಚಿನ ಮೇಲೆ ಕೂತು ಕಡತ ತೆಗೆದಳು.

“ಎರಡು ಸಂಸಾರ. ನಾಲ್ಕು ವರ್ಷದಿಂದ ಬೇರೆ. ಸರಿ ತಾನೇ?”

“ಸರಿ,” ಎಂದ ಮಗ.

“ಬೇರೆಯಾಗಲು ಕಾರಣ,” ಎಂದು ಅವಳು ಓದಿದಳು, “‘ಸೊಸೆಯು ವಯಸ್ಸಾದ ಅತ್ತೆ ಮಾವಂದಿರನ್ನು ಸರಿಯಾಗಿ ನೋಡಿಕೊಳ್ಳದೆ ಇದ್ದುದರಿಂದ.’ ಇದಕ್ಕೆ ತಾಯಿ ಮಗ ಇಬ್ಬರೂ ಇಲ್ಲಿ ಸಹಿ ಹಾಕ್ಬೇಕು.”

ಸೊಸೆ ಗಂಡನನ್ನು ನೋಡಿದಳು. ಅವನು ನೆಲ ನೋಡಿದ. ಅವಳ ಮುಖ ಸುಣ್ಣದಂತಾಯಿತು. ಆ ದಿನ ಯಜಮಾನರ ಕಿವಿಗೂ ಚೆನ್ನಾಗಿ ಕೇಳಿಸಿಬಿಟ್ಟಿತು. ಅವರು ಕುರ್ಚಿಯಿಂದ ಎದ್ದು ನಿಂತರು. ಅಷ್ಟರಲ್ಲಿ ತೋಟದಮ್ಮ ಕೇಳಿದ್ದರು:

“ಯಾರು ಬರೆದದ್ದು ಅದು?”

“ಅಮ್ಮ, ಏನಾದ್ರೊಂದು ಕಾರಣ ಬರೀಬೇಕಿತ್ತು. ಎಲ್ಲರೂ ಹಾಗೇ ಬರೀತಾರಂತೆ. ಗುಮಾಸ್ತನೇ...”

“ನೀನು ಬರೆದೆಯಾ?”

“ಬರೀ ಕಾಗದಮ್ಮ ಅದು.”

ತೋಟದಮ್ಮ ಅಧಿಕಾರಿಯ ಎದುರು ಕೂತರು. “ಅಮ್ಮಾ, ಅದನ್ನ ಹೊಡೆದು ಹಾಕಿ.”

“ಹಾಗೆ ಹೊಡೆದು ಹಾಕೋಕೆ ಬರಲ್ಲ. ಕಾರಣ ಬೇಕು.”

“ಕಾರಣ ಇಲ್ಲ. ನಾಲ್ಕು ವರ್ಷನೂ ಇಲ್ಲ. ಗಾಳಿ ಬಂದ ಮೇಲೆ ಬೇರೆ ಆಗಿದ್ದು. ನಿಮ್ಮ ದುಡ್ಡಿಗೋಸ್ಕರ.”

“ಅಮ್ಮ!” ಎಂದ ಮಗ.

“ಬಾಯ್ಮುಚ್ಚು. ತೋಟದಲ್ಲಿ ನೋಡಿದ್ರಲ್ಲ, ಆ ಕಂಬ? ಅಷ್ಟೂ ಆರಿಸಿ ತಂದವಳು ಇವಳು. ಹನ್ನೆರಡು ದಿನ ನನ್ನ ಜೊತೆ ಕೆಸರಲ್ಲಿ ನಿಂತಿದ್ದಾಳೆ. ಇವಳು ನಮ್ಮನ್ನ ನೋಡಿಕೊಳ್ಳಲ್ಲ ಅಂತ ಸರ್ಕಾರದ ಕಡತದಲ್ಲಿ ಇರಬಾರದು. ನಾವೆಲ್ಲ ಸತ್ತ ಮೇಲೂ ಆ ಕಾಗದ ಇರತ್ತೆ ಅಲ್ವಾ?”

“ಇರತ್ತೆ,” ಎಂದಳು ಅಧಿಕಾರಿ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. “ನೋಡಿ, ಸುಳ್ಳು ಅಂತ ನಾನು ಬರೆದ್ರೆ ಎರಡೂ ಹೋಗತ್ತೆ. ನೀವೇ ಒಂದು ವಾಪಸು ತಗೊಂಡ್ರೆ ಅದರ ಜೊತೆ ಈ ಹಾಳೆನೂ ಹೋಗತ್ತೆ. ನಾನು ಬೇರೇನೂ ನೋಡಿಲ್ಲ.”

“ಯಾವುದು ಇಟ್ಕೊಂಡ್ರೆ ಒಳ್ಳೇದು?”

ಅದಕ್ಕೆ ಸೊಸೆ ಉತ್ತರಿಸಲು ಹೋದಳು. “ಅತ್ತೆ, ತೋಟದ್ದು ಇರಲಿ...”

“ನೀನು ಲೆಕ್ಕ ಬಲ್ಲವಳು, ಲೆಕ್ಕ ಮರೀಬೇಡ. ನಷ್ಟದ ಲೆಕ್ಕದಲ್ಲಿ ಅರವತ್ತಮೂರು ಮರ ಕಡಿಮೆ ಆಯ್ತು, ತೋಟಕ್ಕೆ ಏನು ಬರತ್ತೆ? ಮಿಲ್ಲಿಗೆ ಮಾಡು ಬಂದ್ರೆ ಮುಂದಿನ ತಿಂಗಳೇ ಓಡತ್ತೆ. ಕಿತ್ತಳೆ ಹೊಸದಾಗಿ ನೆಟ್ರೆ ಐದು ವರ್ಷ ಕಾಯ್ಬೇಕು. ನಾನು ಕಾಯ್ತೀನಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ ಅಮ್ಮ.”

ಅಧಿಕಾರಿ ಬೆರಳಿಟ್ಟು ತೋರಿಸಿದಳು. ತೋಟದಮ್ಮ ಸಹಿ ಹಾಕಿದರು. ಹಾಳೆಯನ್ನು ಕಡತದಿಂದ ತೆಗೆಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಎದ್ದರು.

ಆ ಸಂಜೆ ಮಗ ಹಿಂದಿನ ಅಡಿಗೆಮನೆಗೆ ಬಂದಾಗ ಒಂದೇ ತಟ್ಟೆ ಇತ್ತು.

“ನನಗೆ?”

“ಇಲ್ಲಿ ಸರಿಯಾಗಿ ನೋಡಿಕೊಳ್ಳಲ್ಲ. ಕಾಗದದಲ್ಲಿ ಇತ್ತಲ್ಲ.”

ಅವನು ಮನೆ ಸುತ್ತಿ ಮುಂದಿನ ಬಾಗಿಲಿಗೆ ಬಂದ. ತಾಯಿ ನಿನ್ನೆಯ ಬ್ರೆಡ್ಡಿನ ಎರಡು ಚೂರು ಮುಂದಿಟ್ಟರು.

“ಅಮ್ಮ, ಇಷ್ಟೇನಾ?”

“ಇವತ್ತು ಒಲೆ ಹಚ್ಚೋಕೆ ಮನಸ್ಸು ಬರ್ಲಿಲ್ಲ.”

“ಅಪ್ಪ ಏನು ತಿಂದ?”

“ಈಗ ತಾನೇ ಹಿಂದೆ ಊಟಕ್ಕೆ ಹೋದ್ರು.”

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಮಗ ಹೆಂಡತಿಯ ಮುಂದೆ ಬಂದು ನಿಂತ. “ಬರೆಯೋವಾಗ ಯೋಚನೆ ಮಾಡ್ಲಿಲ್ಲ. ದುಡ್ಡು ಬಿಟ್ಟು ಬೇರೇನೂ ಕಾಣಿಸ್ಲಿಲ್ಲ ನನಗೆ. ತಪ್ಪಾಯ್ತು,” ಎಂದ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ. ಹೆಚ್ಚಿ ಮುಗಿಸಿ, “ಕೂತ್ಕೊಳ್ಳಿ,” ಎಂದಳು.

ದುಡ್ಡು ಬಂದದ್ದು ಆರು ವಾರ ಕಳೆದ ಮೇಲೆ. ಕೇಳಿದ್ದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಇತ್ತು. ಮಾಡಿಗೆ ತಗಡು ಬಂತು, ಮೋಟಾರು ರಿಪೇರಿಯಾಯಿತು. ಮೊದಲ ದಿನ ಗರಗಸ ತಿರುಗಿದಾಗ ಯಜಮಾನರು ಬೆಳಿಗ್ಗೆಯೇ ಹೋಗಿ ಕೂತಿದ್ದರು. ಆ ಸದ್ದು ಮಾತ್ರ ಅವರಿಗೆ ಯಾವತ್ತೂ ಕೇಳುತ್ತಿತ್ತು.

ಆ ವಾರದ ಕೊನೆಗೆ ಮಗ ಸುತ್ತಿಗೆ, ಇಕ್ಕಳ ಹಿಡಿದು ನಡುವಿನ ಬಾಗಿಲಿನ ಮುಂದೆ ನಿಂತ. “ಹಲಗೆ ಕಿತ್ತುಬಿಡ್ತೀನಿ. ಒಲೆನ ಮತ್ತೆ ಅಟ್ಟಕ್ಕೆ ಹಾಕೋಣ ಅಲ್ವಾ?”

ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

“ಹಲಗೆ ತೆಗಿ,” ಎಂದರು ತೋಟದಮ್ಮ. “ಒಲೆ ಇರ್ಲಿ.”

“ಎರಡೂ?”

“ಎರಡೂ. ನನಗೂ ವಯಸ್ಸಾಯ್ತು. ದಿನಾ ಎರಡು ಹೊತ್ತು ನಾನೇ ಯಾಕೆ ಬೇಯಿಸ್ಬೇಕು? ಬೆಳಿಗ್ಗೆ ನಂದು, ಸಂಜೆ ಅವಳದ್ದು.” ಆಮೇಲೆ ಸೊಸೆಯ ಕಡೆ ತಿರುಗಿ, ಸ್ವಲ್ಪ ಬಿಗುವಾಗಿಯೇ ಕೇಳಿದರು: “ಆಗತ್ತಾ ನಿನಗೆ?”

“ಆಗತ್ತೆ ಅತ್ತೆ.”

ಮೊಳೆಗಳು ಕಿರುಗುಟ್ಟುತ್ತಾ ಹೊರಬಂದವು. ಅಂದು ಸಂಜೆ ಎಲ್ಲರೂ ಹಿಂದಿನ ಅಡಿಗೆಮನೆಯಲ್ಲಿ ಕೂತರು. ಜಾಗ ಇಕ್ಕಟ್ಟಾಗಿತ್ತು. ಯಜಮಾನರ ಮೊಣಕೈ ಮಗನ ತಟ್ಟೆಗೆ ತಗಲುತ್ತಿತ್ತು. ಸೊಸೆ ಬಿಸಿ ಬಿಸಿ ಬಡಿಸಲು ಶುರುಮಾಡಿದಳು. ತೋಟದಮ್ಮ ಅಭ್ಯಾಸಬಲದಿಂದ ನೀರು ತರಲು ಎದ್ದರು.

“ಕೂತ್ಕೊಳ್ಳಿ ಅತ್ತೆ. ನಾನು ತರ್ತೀನಿ.”

ಕೂತರು. ಒಂದು ನಿಮಿಷಕ್ಕೆ ಉಪ್ಪಿಗೆ ಎದ್ದರು.

“ಅತ್ತೆ.”

“ಸರಿ ಸರಿ.”

ಮದುವೆಯಾಗಿ ಬಂದಾಗಿನಿಂದ ತೋಟದಮ್ಮ ಎಲ್ಲರದಾದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು, ಆರಿದ ಮೇಲೆ ತಿಂದವರು. ಈಗ ಎದುರಿಗೆ ತುಂಬಿದ ತಟ್ಟೆಯಿಂದ ಹಬೆ ಏಳುತ್ತಿತ್ತು. ಅವಸರದಲ್ಲಿ ತುತ್ತು ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡರು. ಯಜಮಾನರು ನಕ್ಕರು.

“ಊದ್ಕೊಂಡು ತಿನ್ನೇ. ಯಾರೂ ಕಿತ್ಕೊಳ್ಳಲ್ಲ.”

ತೋಟದಮ್ಮ ಊದಿಕೊಂಡು, ನಿಧಾನವಾಗಿ ತಿಂದರು. ತಟ್ಟೆ ಖಾಲಿಯಾದಾಗ ಸೊಸೆಯ ಕೈಯಲ್ಲಿದ್ದ ಸೌಟಿನ ಕಡೆ ಒಮ್ಮೆ ನೋಡಿ, ತಟ್ಟೆಯನ್ನು ಸದ್ದಿಲ್ಲದೆ ಮುಂದಕ್ಕೆ ಸರಿಸಿದರು.